ಪರರಾಜ್ಯಕ್ಕೆ ಹೋದವರು ಕೇರಿಗೆ ಹೋದರೇ?

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಬರವಿಲ್ಲ. ಕಾಶಿಗೆ ಹೋದವರು ಬರೆದಿದ್ದಾರೆ, ಕಾಶ್ಮೀರಕ್ಕೆ ಹೋದವರು ಬರೆದಿದ್ದಾರೆ, ಅಮೆರಿಕೆಗೆ ಹೋದವರಂತೂ ಸಾಲುಗಟ್ಟಿ ಬರೆದಿದ್ದಾರೆ. ಹೊಸದುರ್ಗ ತಾಲೂಕಿನ ಮಾಡದಕೆರೆಯಂಥ ಹೋಬಳಿ ಊರಿನಲ್ಲಿ ಕೂತು ಇವನ್ನೆಲ್ಲ ಓದುವ ನಮ್ಮಂಥವರಿಗೆ ಒಂದು ಪ್ರಶ್ನೆ ಏಳುತ್ತದೆ. ಇವರು ಹೋದ ಊರುಗಳಲ್ಲಿ ದೇವಸ್ಥಾನವಿತ್ತು, ಕೋಟೆಯಿತ್ತು, ಹೊಳೆಯಿತ್ತು, ಒಳ್ಳೆ ಊಟವಿತ್ತು. ಕೇರಿ ಇರಲಿಲ್ಲವೆ? ಇದ್ದರೆ ಇವರಿಗೆ ಯಾಕೆ ಕಾಣಲಿಲ್ಲ?

ಪ್ರಶ್ನೆ ಸಾಹಿತ್ಯದ್ದು ಮಾತ್ರವಲ್ಲ. ಒಂದು ರಾಜ್ಯದ ಜನರ ಬಗ್ಗೆ ಇನ್ನೊಂದು ರಾಜ್ಯದವರ ತಲೆಯಲ್ಲಿ ಕೂತಿರುವ ಮಾತುಗಳು ಬರುವುದೆಲ್ಲಿಂದ? ಪಂಜಾಬಿನವರು ಧಾರಾಳಿಗಳು, ಬಂಗಾಳಿಗಳು ಕಲಾವಿದರು, ಕೇರಳದವರು ಬುದ್ಧಿವಂತರು, ತಮಿಳರು ಭಾಷಾಂಧರು, ಬಿಹಾರದವರು ಪುಂಡರು. ಈ ಹಣೆಪಟ್ಟಿಗಳನ್ನು ಪುಸ್ತಕ ಬರೆದವನು ಕೊಡುತ್ತಾನೆ, ಸಿನಿಮಾದವನು ಕೊಡುತ್ತಾನೆ, ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಕೂತವನೂ ಕೊಡುತ್ತಾನೆ. ಶಾಲೆಯಿಂದ ಟೂರು ಹೋಗಿ ಬಂದ ಹುಡುಗ 'ಕೇರಳವು ಹಸಿರಿನ ನಾಡು, ಅಲ್ಲಿನ ಜನ ವಿದ್ಯಾವಂತರು' ಎಂದು ಪ್ರಬಂಧ ಬರೆಯುತ್ತಾನೆ, ಮೇಷ್ಟ್ರು ಹತ್ತಕ್ಕೆ ಎಂಟು ಅಂಕ ಹಾಕುತ್ತಾರೆ. ಹುಡುಗ ನೋಡಿದ್ದು ಬಸ್ಸಿನ ಕಿಟಕಿಯಿಂದ. ಮೇಷ್ಟ್ರು ತಿದ್ದಿದ್ದೂ ಬಸ್ಸಿನ ಕಿಟಕಿಯಿಂದಲೇ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ವಿ.ಸೀ. ಅವರ 'ಪಂಪಾಯಾತ್ರೆ' ಕನ್ನಡದ ಗದ್ಯಕ್ಕೆ ಕಳೆ ತಂದ ಪುಸ್ತಕ. ಗೊರೂರರ 'ಅಮೆರಿಕದಲ್ಲಿ ಗೊರೂರು' 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕೃಷ್ಣಾನಂದ ಕಾಮತರು ಅಮೆರಿಕೆಗೆ ಹೋಗಿ ಬಂದು ಬರೆದು ಸುಮ್ಮನಾಗಲಿಲ್ಲ. 'ವಂಗದರ್ಶನ', 'ಬಸ್ತರ ಪ್ರವಾಸ' ಎಂದು ಇದೇ ದೇಶದ ಬೇರೆ ನಾಡುಗಳ ಕಡೆಗೂ ಕಣ್ಣು ಹಾಯಿಸಿದರು. ಈಚೆಗೆ ಅರವಿಂದ ಮಾಲಗತ್ತಿಯವರ 'ಚೀನಾದ ಧರಣಿಯಲ್ಲಿ', ರಹಮತ್ ತರೀಕೆರೆಯವರ 'ಅಂಡಮಾನ್ ಕನಸು' ಬಂದಿವೆ. ಹಿಂದೆ ಯಾರಿಗೆ ತಿರುಗಾಟವೇ ದುಬಾರಿಯಾಗಿತ್ತೋ ಅಂಥ ಸಮುದಾಯಗಳ ಲೇಖಕರು ಪ್ರವಾಸ ಕಥನ ಬರೆಯತೊಡಗಿದ್ದು ಸಣ್ಣ ಮಾತಲ್ಲ. ನಮ್ಮ ತಕರಾರು ಈ ಪ್ರಕಾರದ ಅಭ್ಯಾಸದ ಬಗ್ಗೆ.

ಆ ಅಭ್ಯಾಸ ಏನು? ಪ್ರವಾಸಿ ಪರಸ್ಥಳಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬ ನೆಂಟನೋ, ಸ್ನೇಹಿತನೋ, ಒಂದು ಮಠವೋ, ಛತ್ರವೋ, ಕರ್ನಾಟಕ ಸಂಘವೋ ಇರುತ್ತದೆ. ಅವರು ಊಟ ಹಾಕುತ್ತಾರೆ, ಊರು ತೋರಿಸುತ್ತಾರೆ. ಮೂರು ದಿನ ಉಂಡು ಬಂದವನು 'ಈ ನಾಡಿನವರು ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ' ಎಂದು ಬರೆಯುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಅವನಿಗೆ ತೆರೆದದ್ದು ನಾಡಿನ ಬಾಗಿಲಲ್ಲ, ಒಂದು ಜಾತಿಯ, ಒಂದು ವರ್ಗದ ಬಾಗಿಲು. ಅದೇ ಬಾಗಿಲಿನ ಮುಂದೆ ಬೇರೊಬ್ಬ ನಿಂತಿದ್ದರೆ ಮೊದಲು ಕೇಳುತ್ತಿದ್ದ ಮಾತೇ ಬೇರೆ. 'ಯಾವ ಕಡೇರಪ್ಪ? ಯಾವ ಜನ? ಯಾವ ಪೈಕಿ?' ನಮ್ಮ ಕಡೆ ಹೊಸಬ ಬಂದರೆ ನೀರು ಕೊಡುವ ಮೊದಲು ಕೇಳುವ ಮಾತು ಇದು. ಇದಕ್ಕೆ ಉತ್ತರ ಹೇಳಬೇಕಾಗಿ ಬಂದವನ ಮೊದಲ ನೋಟ, ಹೇಳದೆಯೇ ಒಳಗೆ ಹೋದವನ ಮೊದಲ ನೋಟ, ಎರಡೂ ಒಂದೇ ಆಗಲು ಸಾಧ್ಯವೇ ಇಲ್ಲ.

ಆದ್ದರಿಂದ ನಮ್ಮ ಮಟ್ಟಿಗೆ ಈ ದೇಶದ ದೊಡ್ಡ ಪ್ರವಾಸ ಕಥನ ಬಾಬಾಸಾಹೇಬರದು. 1935-36ರ ಸುಮಾರಿಗೆ, ಅಸ್ಪೃಶ್ಯತೆ ಎಂದರೇನೆಂದು ವಿದೇಶಿಯರಿಗೆ ತಿಳಿಸಲು ಅಂಬೇಡ್ಕರ್ ಇಂಗ್ಲಿಷಿನಲ್ಲಿ ಕೆಲವು ಪುಟ ಬರೆದರು. 1990ರಲ್ಲಿ ಅದು ಪುಸ್ತಿಕೆಯಾಗಿ ಬಂತು. 'ವೀಸಾಕ್ಕಾಗಿ ಕಾಯುತ್ತಾ' ಎಂಬುದು ಅದರ ಹೆಸರು. ಅದನ್ನು ಆತ್ಮಕಥೆಯ ತುಣುಕೆಂದು ಓದುವುದೇ ರೂಢಿ. ನಾವು ಪ್ರವಾಸ ಕಥನವೆಂದು ಓದುತ್ತೇವೆ. ಯಾಕೆಂದರೆ ಅದರ ಮುಖ್ಯ ಘಟನೆಗಳೆಲ್ಲ ಊರು ಬಿಟ್ಟು ಊರಿಗೆ ಹೋದಾಗ ಆದವು.

1901ರಲ್ಲಿ ಒಂಬತ್ತು-ಹತ್ತು ವರ್ಷದ ಹುಡುಗ, ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ, ಸತಾರಾ ಕಡೆಯಿಂದ ಅಪ್ಪ ಕೆಲಸದಲ್ಲಿದ್ದ ಊರಿಗೆ ರೈಲು ಹತ್ತುತ್ತಾನೆ. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ತರರು ಅಕ್ಕರೆಯಿಂದಲೇ ವಿಚಾರಿಸುತ್ತಾರೆ. ಮಹಾರರು ಎಂದು ತಿಳಿದ ಕೂಡಲೇ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಬರುವುದಿಲ್ಲ. ಕಡೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು, ಗಾಡಿಯವನು ಪಕ್ಕದಲ್ಲಿ ನಡೆದು ಬರುವ ಒಪ್ಪಂದವಾಗುತ್ತದೆ. ಬುತ್ತಿಯಿದೆ, ರಾತ್ರಿಯೆಲ್ಲ ಕುಡಿಯಲು ನೀರು ಸಿಗುವುದಿಲ್ಲ.

ಎರಡನೆಯದು ಬರೋಡ. ಇಲ್ಲಿ ನಮ್ಮ ವಿಷಯ ನೇರವಾಗಿ ಬರುತ್ತದೆ. ಬರೋಡದ ಸಯ್ಯಾಜಿರಾವ್ ಗಾಯಕವಾಡರಿಗೆ ಪ್ರಗತಿಪರ ದೊರೆ ಎಂಬ ಹೆಸರು, ಆ ಹೆಸರು ಸುಳ್ಳಲ್ಲ. 1906ರಲ್ಲೇ ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದವರು ಅವರು, ಅಂಬೇಡ್ಕರರನ್ನು 1913ರಲ್ಲಿ ಅಮೆರಿಕೆಗೆ ಓದಲು ಕಳಿಸಿದವರೂ ಅವರೇ. ಓದಿ ಬಂದ ಅಂಬೇಡ್ಕರ್ ಅದೇ ದೊರೆಯ ಕೆಲಸಕ್ಕೆಂದು ಬರೋಡಕ್ಕೆ ಹೋದಾಗ ಇಡೀ ಪಟ್ಟಣದಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರು ಇಟ್ಟುಕೊಂಡು ಸೇರಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಹತ್ತು ಹನ್ನೆರಡು ಮಂದಿ ಬಂದು ಹೊರಗೆ ಹಾಕಿದರು. ಹಿಂದೂ ಸ್ನೇಹಿತ, ಕ್ರೈಸ್ತ ಸ್ನೇಹಿತ ಇಬ್ಬರೂ ನೆಪ ಹೇಳಿದರು. ಕೊಲಂಬಿಯಾದಲ್ಲಿ ಓದಿದ ಪಂಡಿತ ಕಾಮಾಟಿಬಾಗ್ ಉದ್ಯಾನದಲ್ಲಿ ಕೂತಿದ್ದು ರಾತ್ರಿಯ ರೈಲಿಗೆ ಮುಂಬಯಿಗೆ ಹೊರಟರು.

'ಪ್ರಗತಿಪರ ಸಂಸ್ಥಾನ' ಎಂಬ ಹಣೆಪಟ್ಟಿ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ತೋರಿಸಿಯಾರು? ಅರಮನೆಯಿಂದ ಹೊರಟ ಆಜ್ಞೆ ಬಾಡಿಗೆ ಮನೆಯ ಬಾಗಿಲವರೆಗೂ ಬರಲಿಲ್ಲ. 'ಮಾದರಿ ಮೈಸೂರು' ಎಂದು ಎದೆ ತಟ್ಟಿಕೊಳ್ಳುವ ನಾವೂ ಇದನ್ನು ಓದಬೇಕು. ಅದೇ ಕಾಲದಲ್ಲಿ, 1918ರಲ್ಲಿ, ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಎಂಬ ಕೂಗಿಗೆ ಮಾದರಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾಗಬೇಕಾಯಿತು.

1929ರಲ್ಲಿ ಚಾಳೀಸಗಾಂವ್‌ನಲ್ಲಿ ಜಟಕಾ ಗಾಡಿಯವರು ಬಾಬಾಸಾಹೇಬರನ್ನು ಕೂರಿಸಿಕೊಳ್ಳಲಿಲ್ಲ. ಗಾಡಿ ಹೊಡೆದು ಗೊತ್ತಿಲ್ಲದ ಕೇರಿಯ ಹುಡುಗನೇ ಹೊಡೆಯಲು ಹೋಗಿ ಗಾಡಿ ಉರುಳಿ ಅವರ ಕಾಲು ಮುರಿಯಿತು. 1934ರಲ್ಲಿ ನಿಜಾಮರ ಸೀಮೆಯ ದೌಲತಾಬಾದ್ ಕೋಟೆಯಲ್ಲಿ, ಕೊಳದ ನೀರಲ್ಲಿ ಮುಖ ತೊಳೆದರೆಂದು ಮುಸ್ಲಿಮರು ಮುತ್ತಿಕೊಂಡರು. ಈ ಒಂದು ಘಟನೆಯನ್ನು ಹಿಡಿದು 'ನೋಡಿ, ಮುಸ್ಲಿಮರೂ ಹಿಂಗೇ' ಎಂದು ಇವತ್ತು ಕುಣಿಯುವವರಿದ್ದಾರೆ. ಅವರು ಉಳಿದ ಪುಟಗಳನ್ನು ಓದುವುದಿಲ್ಲ. ಮಸೂರಿನ ಗಾಡಿಯವನು ಯಾರು? ಕಥಿಯವಾಡದ ಹಳ್ಳಿಯಲ್ಲಿ ಬಾಣಂತಿಯನ್ನು ಮುಟ್ಟಿ ನೋಡದ ಡಾಕ್ಟರು ಯಾರು? ಹಿಂದೂ ಧರ್ಮದ ರೋಗ ಪಕ್ಕದ ಮನೆಗಳಿಗೂ ಅಂಟಿತು ಎಂಬುದು ಆ ಪುಟಗಳು ಹೇಳುವ ಸತ್ಯ.

ಇಲ್ಲಿ ನಮ್ಮ ಪಾಳಯದವರಿಗೂ ಒಂದು ಮಾತು ಹೇಳಬೇಕು. ದೆಹಲಿಗೋ ನಾಗಪುರಕ್ಕೋ ಸಮ್ಮೇಳನಕ್ಕೆ ಹೋಗಿ ಬಂದ ಗೆಳೆಯರು 'ಎಲ್ಲಾ ಕಡೆ ಒಂದೇ ಕಣ್ರಿ, ಜಾತಿ ಎಲ್ಲೂ ಬಿಟ್ಟಿಲ್ಲ' ಎಂದು ಬರೆದು ಮುಗಿಸುತ್ತಾರೆ. ಸಿಟ್ಟು ನಿಜ. ಆದರೆ 'ಎಲ್ಲಾ ಕಡೆ ಒಂದೇ' ಎಂಬುದೂ ಒಂದು ಹಣೆಪಟ್ಟಿಯೇ. ಜಾತಿ ಎಲ್ಲ ಕಡೆಯೂ ಇದೆ, ಎಲ್ಲ ಕಡೆಯೂ ಒಂದೇ ಥರ ಇಲ್ಲ. ಅದರ ವಿರುದ್ಧದ ಹೋರಾಟವೂ ಒಂದೇ ಥರ ಇಲ್ಲ. ಈ ವ್ಯತ್ಯಾಸ ತಿಳಿಯದಿದ್ದರೆ ನಾವು ಯಾರಿಂದಲೂ ಏನನ್ನೂ ಕಲಿಯಲಾರೆವು.

ಪಂಜಾಬು ನೋಡಿ. ಪಂಜಾಬೆಂದರೆ ಗೋಧಿ, ಟ್ರ್ಯಾಕ್ಟರು, ಭಾಂಗ್ಡಾ, ಗುರುದ್ವಾರದ ಲಂಗರು. ಆದರೆ 2011ರ ಜನಗಣತಿಯ ಪ್ರಕಾರ ಪರಿಶಿಷ್ಟ ಜಾತಿಯವರ ಪ್ರಮಾಣ ಅತಿ ಹೆಚ್ಚಿರುವ ರಾಜ್ಯ ಅದೇ, ನೂರಕ್ಕೆ ಸುಮಾರು 32 ಜನ. ಕರ್ನಾಟಕದಲ್ಲಿ 17. ಅಷ್ಟು ಜನರ ಕೈಯಲ್ಲಿ ಭೂಮಿ ಅತ್ಯಲ್ಪ. ಜಾತಿಯಿಲ್ಲವೆಂದ ಗುರುಗಳ ನಾಡಿನಲ್ಲಿ ಎಷ್ಟೋ ಹಳ್ಳಿಗಳಲ್ಲಿ ಗುರುದ್ವಾರ ಬೇರೆ, ಸುಡುಗಾಡು ಬೇರೆ. ಹಳ್ಳಿಯ ಸಾಮೂಹಿಕ ಸಾಗುವಳಿ ಭೂಮಿಯಲ್ಲಿ ಮೂರನೇ ಒಂದು ಪಾಲನ್ನು ದಲಿತರಿಗೆ ಗುತ್ತಿಗೆ ಕೊಡಬೇಕೆಂದು ಅಲ್ಲಿ 1961ರ ಕಾಯ್ದೆಯ ವ್ಯವಸ್ಥೆಯಿದೆ. ಹರಾಜಿನಲ್ಲಿ ಜಮೀನ್ದಾರ ತನ್ನ ಆಳಿನ ಹೆಸರಲ್ಲಿ ಕೂಗಿಸಿ ಆ ಪಾಲನ್ನೂ ನುಂಗುತ್ತಿದ್ದ. 2014ರಿಂದ ಸಂಗರೂರು ಕಡೆ ದಲಿತರು, ಅದರಲ್ಲೂ ಹೆಂಗಸರು, ಸಂಘಟಿತರಾಗಿ ಆ ಮೂರನೇ ಪಾಲಿಗೆ ಹೋರಾಡಿ ಹಲವು ಹಳ್ಳಿಗಳಲ್ಲಿ ಒಟ್ಟಾಗಿ ಬೇಸಾಯ ಮಾಡಿದರು. ಪಂಜಾಬಿನ ಕವಿಗಳಲ್ಲಿ ಸಮರಾಲಾದಲ್ಲಿ ಟೀ ಅಂಗಡಿ ಇಟ್ಟಿದ್ದ ಲಾಲ್ ಸಿಂಗ್ ದಿಲ್ ಎಂಬ ದಲಿತ ನಕ್ಸಲೈಟ್ ಕವಿಯೂ ಇದ್ದರು, 2007ರಲ್ಲಿ ತೀರಿಕೊಂಡರು. ನಮ್ಮ ಪ್ರವಾಸ ಕಥನದ ಪಂಜಾಬಿನಲ್ಲಿ ಇವರೆಲ್ಲ ಎಲ್ಲಿದ್ದಾರೆ?

ಕೇರಳ ನೋಡಿ. ಒಂದು ಕಾಲಕ್ಕೆ ವಿವೇಕಾನಂದರು ಅದನ್ನು ಹುಚ್ಚರ ಆಸ್ಪತ್ರೆಗೆ ಹೋಲಿಸಿದರು, ಈಗ ಎಲ್ಲರೂ ಮಾದರಿ ಎನ್ನುತ್ತಾರೆ. ಎರಡೂ ಹಣೆಪಟ್ಟಿಗಳ ನಡುವೆ ಆದದ್ದೇನು? 1893ರಲ್ಲಿ ಅಯ್ಯನ್‌ಕಾಳಿ ತಿರುವಾಂಕೂರಿನ ರಾಜಬೀದಿಯಲ್ಲಿ ತನ್ನದೇ ಎತ್ತಿನ ಗಾಡಿ ಕಟ್ಟಿ ಹೊಡೆದರು. ಮಸೂರಿನಲ್ಲಿ ಮಕ್ಕಳಿಗೆ ಗಾಡಿ ಸಿಗದಿದ್ದದ್ದು ಇದಾಗಿ ಎಂಟು ವರ್ಷಕ್ಕೆ. 1924-25ರಲ್ಲಿ ವೈಕಂ ಸತ್ಯಾಗ್ರಹ, 1936ರಲ್ಲಿ ದೇವಸ್ಥಾನ ಪ್ರವೇಶದ ಘೋಷಣೆ. ಕೇರಳ ತಾನಾಗಿ ಒಳ್ಳೆಯದಾಗಲಿಲ್ಲ, ಒದ್ದು ಒಳ್ಳೆಯದು ಮಾಡಿದರು. ಆದರೂ 1970ರ ಭೂಸುಧಾರಣೆಯಲ್ಲಿ ಭೂಮಿ ಹೋದದ್ದು ಗೇಣಿದಾರನಿಗೆ. ಗದ್ದೆಯಲ್ಲಿ ದುಡಿಯುತ್ತಿದ್ದ ಪುಲಯ, ಪರಯರಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತ ಹತ್ತು ಸೆಂಟು. ಅದಕ್ಕೇ 2007ರಲ್ಲಿ ಸಾವಿರಾರು ಭೂಹೀನರು ಚೆಂಗರದ ರಬ್ಬರ್ ತೋಟಕ್ಕೆ ನುಗ್ಗಿ ಕೂತದ್ದು. ಇದನ್ನು ಓದುವಾಗ ನಮ್ಮ 1974ರ ಕಾಯ್ದೆಯೂ ನೆನಪಿರಲಿ. ದೇವರಾಜ ಅರಸರ ಕಾಲದಲ್ಲಿ ಉಳುವವನಿಗೆ ಭೂಮಿ ಬಂತು. ಗೇಣಿ ಚೀಟಿಯೂ ಇಲ್ಲದ ಕೂಲಿಯವನನ್ನು ಉಳುವವನೆಂದು ಲೆಕ್ಕ ಹಿಡಿದವರು ಕಡಿಮೆ.

ಇನ್ನು ಬಿಹಾರ. ಬಿಹಾರವೆಂದರೆ ಕಾನೂನಿಲ್ಲದ ಕಾಡು ಎಂಬುದು ನಮ್ಮವರ ಅಭಿಪ್ರಾಯ. ಕಾರಣವಿಲ್ಲದೆ ಇಲ್ಲ. 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ ರಣವೀರ ಸೇನೆಯವರು 58 ಜನರನ್ನು ಕೊಂದರು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾದ 26 ಜನರನ್ನೂ 2013ರಲ್ಲಿ ಪಟ್ನಾ ಹೈಕೋರ್ಟು ಬಿಟ್ಟುಬಿಟ್ಟಿತು. ಸರಿ, ಅದು ಬಿಹಾರ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟ ಕಂಬಾಲಪಲ್ಲಿ ಯಾವ ರಾಜ್ಯದಲ್ಲಿದೆ? 2006ರಲ್ಲಿ ಆರೋಪಿಗಳು ಖುಲಾಸೆಯಾದದ್ದು ಯಾವ ರಾಜ್ಯದ ಕೋರ್ಟಿನಲ್ಲಿ? 1968ರಲ್ಲಿ 44 ಜನರನ್ನು ಸುಟ್ಟ ಕೀಳ್ವೆಣ್ಮಣಿ ಪೆರಿಯಾರರ ನಾಡಿನಲ್ಲೇ ಇದೆಯಲ್ಲ? ಬಿಹಾರದ ಇನ್ನೊಂದು ಕಥೆ ನಮಗೆ ಯಾರೂ ಹೇಳಲಿಲ್ಲ. 1978ರಿಂದ ಬೋಧಗಯಾ ಮಠದ ಸಾವಿರಾರು ಎಕರೆ ಭೂಮಿಯ ಮೇಲೆ ಭುಯಿಯಾಂ ಕೂಲಿಗಳು ಹೂಡಿದ ಹೋರಾಟದಲ್ಲಿ ಹೆಂಗಸರು ತಮ್ಮ ಹೆಸರಿಗೇ ಪಟ್ಟಾ ಬೇಕೆಂದು ಹಟ ಹಿಡಿದರು, 80ರ ದಶಕದ ಮೊದಲಲ್ಲೇ ಪಡೆದರು. ನಮ್ಮ ಹೋಬಳಿಯಲ್ಲಿ ಎಷ್ಟು ಪಹಣಿಗಳಲ್ಲಿ ಕೂಲಿ ಹೆಂಗಸಿನ ಹೆಸರಿದೆ, ತೆಗೆದು ನೋಡಿ.

ನಮಗೂ ಹಣೆಪಟ್ಟಿ ಅಂಟಿಸಿದ್ದಾರೆ. ಚಿತ್ರದುರ್ಗ ಅಂದರೆ ಬರದ ಸೀಮೆ, ಒರಟು ಜನ. ಮಲೆನಾಡಿನವರ ಕಥೆಗಳಲ್ಲಿ 'ಬಯಲುಸೀಮೆಯ ಕೂಲಿ' ಒಂದು ಗುಂಪಾಗಿ ಬಂದು ಗುಂಪಾಗಿ ಹೋಗುತ್ತಾನೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದು, ಆಮೇಲೆ 2022ರಲ್ಲೇ ಮತ್ತೆ ಕೋಡಿ ಬಿದ್ದದ್ದು ನಿಜ. ಮಳೆ ಕಡಿಮೆ ಎಂಬುದು ಆಕಾಶದ ಮಾತು. ಇದ್ದ ನೀರು ಯಾರ ತೋಟಕ್ಕೆ ಹೋಗುತ್ತದೆ ಎಂಬುದು ನೆಲದ ಮಾತು. 'ಬರದ ಜಿಲ್ಲೆ' ಎಂಬ ಹಣೆಪಟ್ಟಿ ಎರಡನೆಯದನ್ನು ಮುಚ್ಚಿಹಾಕುತ್ತದೆ. ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಪರಿಶಿಷ್ಟ ಜಾತಿ, ಪಂಗಡದವರೇ ಇರುವ ಜಿಲ್ಲೆ ಇದು. ಇಲ್ಲಿನ ಆಗಿನ ಲೋಕಸಭಾ ಸದಸ್ಯ ಎ. ನಾರಾಯಣಸ್ವಾಮಿಯವರನ್ನು 2019ರ ಸೆಪ್ಟೆಂಬರಿನಲ್ಲಿ ಅವರದೇ ಕ್ಷೇತ್ರದ ಪಾವಗಡ ತಾಲೂಕಿನ ಗೊಲ್ಲರಹಟ್ಟಿಯೊಳಗೆ ದಲಿತರೆಂಬ ಕಾರಣಕ್ಕೆ ಬಿಡಲಿಲ್ಲ. ಪಾರ್ಲಿಮೆಂಟಿಗೆ ಹೋಗಲು ಪರವಾನಗಿ ಸಿಕ್ಕಿತು, ಹಟ್ಟಿಗೆ ಸಿಗಲಿಲ್ಲ.

ಈಗ ಬಿಹಾರ, ಒಡಿಶಾ, ಅಸ್ಸಾಮಿನಿಂದ ಕೂಲಿಯವರು ಕರ್ನಾಟಕದ ಮೂಲೆಮೂಲೆಗೂ ಬರುತ್ತಿದ್ದಾರೆ. 'ಹಿಂದಿಯವರು ಬಂದವ್ರೆ, ಹುಷಾರು' ಎಂಬ ಮಾತು ನಮ್ಮ ಕೇರಿಯಲ್ಲೂ ಕೇಳುತ್ತದೆ. ಹಿಂದಿ ಹೇರಿಕೆಯನ್ನು ನಾವು ವಿರೋಧಿಸುತ್ತೇವೆ. ಆದರೆ ಹಿಂದಿ ಹೇರುವವನು ಸಿಮೆಂಟ್ ಚೀಲ ಹೊರುವವನಲ್ಲ. 2020ರ ಮೇ ತಿಂಗಳಲ್ಲಿ ಇವರು ಊರಿಗೆ ಹೋಗುತ್ತೇವೆಂದಾಗ ನಮ್ಮ ಸರ್ಕಾರ ಕಟ್ಟಡದ ಕಂಟ್ರಾಕ್ಟುದಾರರ ಜೊತೆ ಸಭೆ ನಡೆಸಿ ರೈಲುಗಳನ್ನೇ ರದ್ದು ಮಾಡಿತು. ಕೂಗೆದ್ದ ಮೇಲೆ ಮತ್ತೆ ಬಿಟ್ಟಿತು. ದುಡಿಯುವಾಗ ಬೇಕು, ಹೋಗುವಾಗ ತಡೆ, ಇರುವಾಗ ಅನುಮಾನ. ಇದು ಕೇರಿಯವರಿಗೆ ಗೊತ್ತಿಲ್ಲದ ಕಥೆಯೇ? ಅವರ ಹೆಸರು ಕೇಳಿ, ಊರು ಕೇಳಿ, ಅಲ್ಲಿ ಭೂಮಿ ಯಾರ ಕೈಯಲ್ಲಿದೆ ಎಂದು ಕೇಳಿ. ಬಿಹಾರದ ಪ್ರವಾಸ ಕಥನ ಬರೆಯಲು ಬಿಹಾರಕ್ಕೇ ಹೋಗಬೇಕಿಲ್ಲ.

ಹಳ್ಳಿ ಮೇಷ್ಟರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮ ಮನವಿ ಇಷ್ಟು. ಮುಂದಿನ ಟೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನೋಡಬೇಕಾದ ಸ್ಥಳಗಳ ಪಟ್ಟಿಯ ಜೊತೆಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನೂ ಕೊಡಿ. ಈ ಊರಲ್ಲಿ ನೀರು ಎಲ್ಲಿಂದ ಬರುತ್ತದೆ, ಯಾರಿಗೆ ಮೊದಲು? ಗದ್ದೆ ಯಾರದು, ದುಡಿಯುವವರು ಯಾರು, ಕೂಲಿ ಎಷ್ಟು? ಹೆಂಗಸರಿಗೆ ಎಷ್ಟು? ಸುಡುಗಾಡು ಎಷ್ಟು? ಉತ್ತರ ಸಿಗದಿದ್ದರೆ ಯಾರು ಉತ್ತರ ಹೇಳಲಿಲ್ಲ ಎಂಬುದನ್ನೇ ಬರೆಯಲಿ. ಬಂದ ಮೇಲೆ ಅದೇ ಪ್ರಶ್ನೆಗಳನ್ನು ತಮ್ಮ ಊರಿಗೂ ಕೇಳಲಿ. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಮಾತು ಹೇಳಿದ್ದಕ್ಕೆ ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತಿನಲ್ಲಿದ್ದ ಪ್ರಶ್ನೆ, ಈ ಸಾಹಿತ್ಯದಲ್ಲಿ ನಾವೆಲ್ಲಿ ಎಂಬ ಪ್ರಶ್ನೆ, ಪ್ರವಾಸ ಕಥನದ ಮುಂದೆ ಇವತ್ತೂ ನಿಂತಿದೆ. ಅದಕ್ಕೆ ಉತ್ತರ ಪಂಡಿತರು ಬರೆಯಲಿ ಎಂದು ಕಾಯುವುದು ಬೇಡ. ಎಂಟನೇ ಕ್ಲಾಸಿನ ಹುಡುಗಿ ಎರಡು ಪುಟ ಬರೆದರೂ ಸಾಕು, ಕಳಿಸಿ, ನಾವು ಅಚ್ಚು ಹಾಕುತ್ತೇವೆ.