ಮೆಣಸಿಗೆ ಬಂದ ಬೆಳ್ಳಿ

ದೀಪಾವಳಿ ಹತ್ತಿರ ಬಂತೆಂದರೆ ನನಗೆ ಆತಂಕ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಪೂಜೆಗೆಂದು ಬೆಳ್ಳಿ ನಾಣ್ಯಗಳು ಪೆಟ್ಟಿಗೆಯಿಂದ ಹೊರಬರುತ್ತವೆ, ಹುಣಸೆಹುಳಿ ಹಾಕಿ ತಿಕ್ಕುವುದು ಶುರುವಾಗುತ್ತದೆ. ದಯವಿಟ್ಟು ತಿಕ್ಕಬೇಡಿ.

ಹೊಸನಗರದ ಹತ್ತಿರ ಒಂದು ಮನೆಯಲ್ಲಿ ನನ್ನ ಕೈಗೆ ಬಂದದ್ದು ಹಾಗೆ ತಿಕ್ಕಿಸಿಕೊಂಡ ನಾಣ್ಯವೇ. ಹಳೇ ಬೆಳ್ಳಿ ರೂಪಾಯಿಗಿಂತ ಎಷ್ಟೋ ಅಗಲ, ತೂಕ ಎರಡು ರೂಪಾಯಿಗೂ ಮಿಕ್ಕು. ಬೆಳಕಿಗೆ ಓರೆಯಾಗಿ ಹಿಡಿದಾಗ ಸಮುದ್ರದಿಂದೆದ್ದ ಎರಡು ಕಂಬ, ನಡುವೆ ಎರಡು ಭೂಗೋಳ ಮಸುಕಾಗಿ ಕಂಡವು. ಸ್ಪೇನಿನ ದೊರೆಯ ಹೆಸರಲ್ಲಿ ಮೆಕ್ಸಿಕೋದಲ್ಲಿ 1732ರಿಂದ ಸುಮಾರು 40 ವರ್ಷ ಅಚ್ಚಾದ, 27 ಗ್ರಾಂ ತೂಗುವ ಡಾಲರು ಅದು. ಡಚ್ ಕಂಪನಿಯ ಕುದುರೆ ಸವಾರನ ನಾಣ್ಯ ಇನ್ನೂ ಭಾರ, 32 ಗ್ರಾಂ ದಾಟುತ್ತದೆ.

ಇವು ಬಂದದ್ದು ಕಾಳುಮೆಣಸಿನ ಬೆಲೆಯಾಗಿ. ಬಿದನೂರಿನಿಂದ ಹೇರೆತ್ತುಗಳು ಘಟ್ಟ ಇಳಿದು ಬಸರೂರು ಸೇರಿದರೆ, ಹಡಗಿನವರು ಬೆಳ್ಳಿ, ಬಂಗಾರ ಎಣಿಸಬೇಕಿತ್ತು. ಆದರೆ ಬಿದನೂರನ್ನು ಆಳುತ್ತಿದ್ದ ಕೆಳದಿ ಅರಸರ ನಾಣ್ಯ ಚಿನ್ನದ್ದು, ಉಮಾಮಹೇಶ್ವರರಿರುವ ಇಕ್ಕೇರಿ ವರಹ. 1763ರಲ್ಲಿ ಬಿದನೂರು ಗೆದ್ದ ಹೈದರ್ ಕೂಡ ತನ್ನ ಹೊನ್ನಿನ ಮೇಲೆ ಆ ಚಿತ್ರವನ್ನೇ ಉಳಿಸಿಕೊಂಡ. ಪರದೇಶದ ಬೆಳ್ಳಿ ಇಲ್ಲಿ ತೂಕಕ್ಕೆ ನಡೆಯುವ ಲೋಹ. ಬಹುಪಾಲು ಅಕ್ಕಸಾಲಿಗರ ಮೂಸೆ ಸೇರಿತು. ಹಾಗಾಗಿಯೇ ಉಳಿದದ್ದು ಅಪರೂಪ.

ಆ ನಾಣ್ಯದ ಅಂಚಿನಲ್ಲಿ ಮೂರು ಪುಟ್ಟ ಗುರುತುಗಳಿದ್ದವು: ಒಂದು ಹೂವು, ಎರಡು ಚುಕ್ಕಿ. ಬೆಳ್ಳಿ ಅಪ್ಪಟವೇ ಎಂದು ನೋಡಿದ ಚಿನಿವಾರರು ಒತ್ತಿದ ಅಚ್ಚು. ಹುಣಸೆಹುಳಿಗೆ ಕಂಬಗಳು ಸವೆದಿದ್ದವು, ಆಳಕ್ಕಿಳಿದ ಈ ಗುರುತುಗಳು ಸವೆದಿರಲಿಲ್ಲ. ಇಂಥ ಪೆಟ್ಟು ಬಿದ್ದದ್ದಕ್ಕೆ ಹರಾಜಿನಲ್ಲಿ ಬೆಲೆ ಇಳಿಸುತ್ತಾರೆ. ನಾನು ಒಪ್ಪುವುದಿಲ್ಲ. ನಯವಾದ ನಾಣ್ಯ ಯುರೋಪಿನಲ್ಲೇ ಸಿಗುತ್ತದೆ. ಕೈಯಿಂದ ಕೈಗೆ ಹಾದು ಬಂದ ನಾಣ್ಯಕ್ಕೆ ಮಾತ್ರ ಈ ಹೂವಿರುತ್ತದೆ. ನನ್ನ ಸಂಗ್ರಹಕ್ಕೆ ನಾನು ಹುಡುಕುವುದು ಅಂಥದನ್ನೇ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಆಸ್ಟ್ರಿಯಾದ ಮರಿಯಾ ತೆರೇಸಾ ರಾಣಿಯ ನಾಣ್ಯದ ಮೇಲೆ 1780 ಎಂದು ಇದ್ದರೆ ಹಿಗ್ಗಬೇಡಿ. ಆಕೆ ತೀರಿದ ಮೇಲೂ ಅದೇ ಇಸವಿ ಹಾಕಿ ಅಚ್ಚು ಮಾಡುತ್ತಲೇ ಇದ್ದರು. ನಮ್ಮ ಮುಂಬಯಿ ಟಂಕಸಾಲೆಯಲ್ಲೂ 1940ರ ಹೊತ್ತಿಗೆ ಮಾಡಿದ್ದಾರೆ. ಇನ್ನು ತೋಟ ಅಗೆಯುವಾಗ ಸಿಕ್ಕಿದ್ದು ನಿಧಿ. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ ಅದನ್ನು ಸರ್ಕಾರಕ್ಕೆ ತಿಳಿಸಬೇಕು.

ಮನೆಯ ನಾಣ್ಯವನ್ನು ಬರೀ ನೀರಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಸಾಕು. ಕಪ್ಪು ಹಾಗೇ ಇರಲಿ. ಪೂಜೆಯ ದಿನ ವೀಳ್ಯದೆಲೆಯ ಮೇಲಿಟ್ಟು, ಕುಂಕುಮವನ್ನು ಎಲೆಗೇ ಹಚ್ಚಿ.