ಸುಲಭ, ಮಧ್ಯಮ, ಕಠಿಣ

ಅಮೆರಿಕದ ಯೂಟಾ ರಾಜ್ಯದ ದಕ್ಷಿಣದ ಅಂಚಿನಲ್ಲಿ ಸ್ಪ್ರಿಂಗ್‌ಡೇಲ್ ಅಂತ ಒಂದು ಪುಟ್ಟ ಊರಿದೆ. 1862ರಲ್ಲಿ ಮಾರ್ಮನ್ ರೈತರು ಬಂದು ನೆಲೆ ನಿಂತ ಜಾಗ. ಇವತ್ತಿಗೂ ಕಾಯಂ ವಾಸ ಇರೋದು ಕೆಲವೇ ನೂರು ಜನ. ಒಂದು ಮುಖ್ಯರಸ್ತೆ, ಇಕ್ಕೆಲದಲ್ಲಿ ಹೋಟೆಲುಗಳು, ಕಾಫಿ ಅಂಗಡಿ, ನದಿಯಲ್ಲಿ ನಡೆಯೋಕೆ ಬೂಟು ಮತ್ತು ಕೋಲು ಬಾಡಿಗೆಗೆ ಕೊಡುವ ಅಂಗಡಿಗಳು. ಊರು ಮುಗಿಯುವಲ್ಲಿ ಝಯಾನ್ ರಾಷ್ಟ್ರೀಯ ಉದ್ಯಾನ ಶುರು. ಲಾಸ್ ವೇಗಸ್‌ನಿಂದ ಕಾರಿನಲ್ಲಿ ಎರಡೂವರೆ ತಾಸಿನ ದಾರಿ. ಹಾಗಾಗಿ ಲಾಂಗ್ ವೀಕೆಂಡ್ ಬಂತೆಂದರೆ ಅಲ್ಲಿನ ಕನ್ನಡದವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಒಂದು ದಿನ ಇದೆ, ಯಾವ ಹೈಕ್ ಮಾಡೋದು?

ಉತ್ತರವಾಗಿ ಯಾರೋ ಒಬ್ಬರು ಒಂದು ಪಟ್ಟಿಯ ಸ್ಕ್ರೀನ್‌ಶಾಟ್ ಹಾಕ್ತಾರೆ. ಉದ್ಯಾನದವರೇ ಮಾಡಿರುವ ಪಟ್ಟಿ. ದಾರಿಯ ಹೆಸರು, ಹೋಗಿ ಬರುವ ದೂರ, ಏರಬೇಕಾದ ಎತ್ತರ, ಜೊತೆಗೆ ಮೂರರಲ್ಲಿ ಒಂದು ಪದ: ಸುಲಭ, ಮಧ್ಯಮ, ಕಠಿಣ. ಈ ಅಂಕಣ ಆ ಪಟ್ಟಿಯ ವಿಮರ್ಶೆ. ಪುಸ್ತಕ, ಸಿನಿಮಾ ವಿಮರ್ಶೆ ಮಾಡ್ತೀವಿ. ಲಕ್ಷಾಂತರ ಜನ ಓದಿ, ನಂಬಿ, ತಮ್ಮ ಮಕ್ಕಳು ಮತ್ತು ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಡುವ ಒಂದು ಪಠ್ಯವನ್ನು ಯಾಕೆ ಮಾಡಬಾರದು?

ಮೊದಲು ಮೆಚ್ಚುಗೆ. ಟ್ರಾವೆಲ್ ವೆಬ್‌ಸೈಟುಗಳ 'ಸಾಯುವ ಮುನ್ನ ನೋಡಲೇಬೇಕಾದ ಹತ್ತು' ಮಾದರಿಯ ಬರಹಗಳ ಪಕ್ಕದಲ್ಲಿಟ್ಟರೆ ಇದು ಎಷ್ಟೋ ಮರ್ಯಾದಸ್ಥ ಬರಹ. ವಿಶೇಷಣ ಇಲ್ಲ, ಸೂರ್ಯಾಸ್ತದ ವರ್ಣನೆ ಇಲ್ಲ. ಅಂಕಿಗಳು ಪ್ರಾಮಾಣಿಕ. ನಮ್ಮ ಬೆಂಗಳೂರಿನ ವೀಕೆಂಡ್ ಟ್ರೆಕ್ ಜಾಹೀರಾತುಗಳಲ್ಲಿ ಹತ್ತರಲ್ಲಿ ಎಂಟು 'ಈಸಿ ಟು ಮಾಡರೇಟ್' ಆಗಿರ್ತವಲ್ಲ, ಆ ರೀತಿಯ ಜಾರಿಕೆ ಇಲ್ಲಿಲ್ಲ. ಕಠಿಣ ಅಂದರೆ ಕಠಿಣ.

ತೊಂದರೆ ಇರೋದೇ ಆ ಪದದಲ್ಲಿ. ಎರಡು ಸಾಲು ನೋಡಿ. ಏಂಜೆಲ್ಸ್ ಲ್ಯಾಂಡಿಂಗ್: ಹೋಗಿ ಬರಲು ಸುಮಾರು 8.7 ಕಿಲೋಮೀಟರ್, ಏರು 450 ಮೀಟರ್, ಕಠಿಣ. ನ್ಯಾರೋಸ್, ಕೆಳಗಿನಿಂದ ನದಿಗುಂಟ: ಹೋಗಿ ಬರಲು ಸುಮಾರು 15 ಕಿಲೋಮೀಟರ್, ಏರು ಬರೀ 100 ಮೀಟರ್, ಕಠಿಣ. ಮೊದಲನೆಯದು ಬೆಟ್ಟ, ಎರಡನೆಯದು ಕೊಳ್ಳ. (ಕ್ಯಾನ್ಯನ್ ಅನ್ನೋದಕ್ಕೆ ಪತ್ರಿಕೆಗಳು 'ಕಣಿವೆ' ಅಂತ ಬರೀತವೆ. ಕಣಿವೆಯಲ್ಲಿ ಹೊಲ ಇರುತ್ತೆ, ಊರಿರುತ್ತೆ. ಎರಡು ಕಡೆ ಗೋಡೆಯ ಹಾಗೆ ಬಂಡೆ ನಿಂತು ನಡುವೆ ನೀರು ಹರಿಯುವ ಜಾಗಕ್ಕೆ ಉತ್ತರ ಕರ್ನಾಟಕದವರ 'ಕೊಳ್ಳ'ವೇ ಸರಿ. ಐಹೊಳೆ ಹತ್ತಿರದ ಸಿದ್ಧನಕೊಳ್ಳ ನೋಡಿದವರು ಒಪ್ತಾರೆ.) ಇವೆರಡರ ಮುಂದೆ ಒಂದೇ ಪದ ಬರೆದಾಗ ಓದುಗ ಏನಂದುಕೊಳ್ಳಬೇಕು? ಎರಡಕ್ಕೂ ಒಂದೇ ಥರದ ದಮ್ಮು ಬೇಕು, ಜಿಮ್‌ಗೆ ಹೋಗ್ತಿದ್ದರೆ ಎರಡೂ ಆಗುತ್ತೆ, ಅಂತ ತಾನೇ?

ಬೆಟ್ಟದ ಮಟ್ಟಿಗೆ ಅದು ಬಹುಪಾಲು ನಿಜ. ಏಂಜೆಲ್ಸ್ ಲ್ಯಾಂಡಿಂಗ್‌ನ ಕಷ್ಟವೆಲ್ಲ ಕಣ್ಣೆದುರಿಗೇ ಇದೆ. 1926ರಲ್ಲಿ ಕಡಿದ ದಾರಿ. ವಾಲ್ಟರ್ಸ್ ವಿಗಲ್ಸ್ ಎಂಬ 21 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಮೊಣಕಾಲು, ಎದೆಬಡಿತ ಎರಡೂ ಲೆಕ್ಕ ಒಪ್ಪಿಸ್ತವೆ. ಆಮೇಲೆ ಸ್ಕೌಟ್ ಲುಕ್ಔಟ್ ಎಂಬ ಸಮತಟ್ಟು ಜಾಗ. ಅಲ್ಲಿಂದ ಮುಂದಕ್ಕೆ ಕತ್ತಿಯಂಥ ಏಣು, ಎರಡೂ ಪಕ್ಕ ಪ್ರಪಾತ, ಹಿಡಿದುಕೊಳ್ಳೋಕೆ ಬಂಡೆಗೆ ಬಡಿದ ಸರಪಳಿ. ನೋಡಿದ ಕೂಡಲೇ ಗೊತ್ತಾಗುತ್ತೆ, ಇದು ನನಗೋ ಅಲ್ಲವೋ ಅಂತ. ಬೇಡ ಅನ್ನಿಸಿದರೆ ಅಲ್ಲೇ ಕೂತು ಬಾಳೆಹಣ್ಣು ತಿಂದು ಇಳಿಯಬಹುದು. 2022ರ ಏಪ್ರಿಲ್‌ನಿಂದ ಸರಪಳಿಯ ಭಾಗಕ್ಕೆ ಲಾಟರಿ ಮೂಲಕ ಪರ್ಮಿಟ್ ಬೇಕು. ಸ್ಕೌಟ್ ಲುಕ್ಔಟ್‌ವರೆಗೆ ಏನೂ ಬೇಡ. ಗುಡುಗು ಸಿಡಿಲಿನ ಹೊತ್ತಲ್ಲಿ ಏಣಿನ ಮೇಲೆ ಇರಬಾರದು, ಅದು ನಿಜ. ಆದರೆ ಮೋಡ ಬರೋದು ಅಲ್ಲಿಂದ ಕಾಣುತ್ತೆ.

ಕೊಳ್ಳದಲ್ಲಿ ಮೋಡ ಕಾಣಲ್ಲ. ನ್ಯಾರೋಸ್‌ನಲ್ಲಿ ದಾರಿ ಅಂದರೆ ವರ್ಜಿನ್ ನದಿಯೇ. ಪಾದ ಮುಳುಗುವಷ್ಟು, ಮೊಣಕಾಲಷ್ಟು, ಕೆಲವು ಕಡೆ ಸೊಂಟದಷ್ಟು ನೀರಲ್ಲಿ ನಡೆಯೋದು. ಎರಡೂ ಕಡೆ 300 ಮೀಟರಿನಷ್ಟು ಎತ್ತರದ ಮರಳುಗಲ್ಲಿನ ಗೋಡೆ, ತೀರಾ ಇಕ್ಕಟ್ಟಾದ ಕಡೆ ಅಗಲ ಏಳೆಂಟು ಮೀಟರ್. ಮೇಲೆ ನೋಡಿದರೆ ಆಕಾಶ ಒಂದು ನೀಲಿ ಲಾಡಿ. ಭಯ ಹುಟ್ಟಿಸುವಂಥದ್ದು ಏನೂ ಇಲ್ಲ. ಬೇಸಿಗೆಯ ಉರಿಯಲ್ಲಿ ಇಡೀ ಉದ್ಯಾನದಲ್ಲಿ ಇದಕ್ಕಿಂತ ತಂಪಾದ, ಸುಖವಾದ ಜಾಗ ಸಿಗಲಿಕ್ಕಿಲ್ಲ. ಮಕ್ಕಳು ನೀರೆರಚಿಕೊಂಡು ಆಡ್ತಿರ್ತಾರೆ.

ಇಲ್ಲಿನ ಅಪಾಯಕ್ಕೂ ನಿಮ್ಮ ದೇಹಕ್ಕೂ ಸಂಬಂಧವೇ ಇಲ್ಲ. ಅದು ಇರೋದು ಉತ್ತರದ ಪ್ರಸ್ಥಭೂಮಿಯ ಮೇಲೆ, ನಿಮಗೆ ಕಾಣದ ಯಾವುದೋ ಮೋಡದಲ್ಲಿ. ಆ ಎತ್ತರದ ನೆಲದ ನೀರೆಲ್ಲ ಹರಿದು ಬರೋದು ಈ ಒಂದು ಸೀಳಿನೊಳಗೆ. ಬಹುಭಾಗ ಬರಿಬಂಡೆ, ಮಣ್ಣು ಕಡಿಮೆ, ಗಿಡಮರ ಕಡಿಮೆ. ಬಿದ್ದ ನೀರನ್ನು ಕುಡಿಯೋಕೆ ಯಾರೂ ಇಲ್ಲ. ಹತ್ತಾರು ಕಿಲೋಮೀಟರ್ ಆಚೆ ಅರ್ಧ ತಾಸು ಜೋರಾಗಿ ಮಳೆ ಹೊಡೆದರೆ ಸಾಕು, ನಿಮ್ಮ ತಲೆ ಮೇಲಿನ ಆ ಲಾಡಿ ನೀಲಿಯಾಗಿಯೇ ಇದ್ದಾಗ ಕೆಸರು, ಮರದ ದಿಮ್ಮಿ ಸಮೇತ ನೀರು ಗೋಡೆಯಂತೆ ಬರಬಹುದು.

ನಮ್ಮವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗಿನ ಮಧ್ಯಾಹ್ನದ ಗುಡುಗುಮಳೆಗೆ ಅಲ್ಲಿಯವರೂ ಮಾನ್ಸೂನ್ ಅಂತಾರೆ. ಆ ಪದ ಕೇಳಿದ ಕೂಡಲೇ ನಮ್ಮ ತಲೆಯಲ್ಲಿ ಮೂಡೋದು ಆಗುಂಬೆ, ಮಡಿಕೇರಿ. ಮಲೆನಾಡಿನ ಮಳೆ ಹೇಳಿ ಕೇಳಿ ಬರುವ ನೆಂಟ. ಬಂದರೆ ವಾರಗಟ್ಟಲೆ ಇರುತ್ತೆ, ನೀವಿರುವಲ್ಲೇ ಸುರಿಯುತ್ತೆ. ನೆನೆದರೆ ಮಳೆ ಇದೆ, ನೆನೆಯದಿದ್ದರೆ ಇಲ್ಲ, ಅನ್ನುವ ಮಳೆಯ ಬುದ್ಧಿ ನಮ್ಮದು. ಆ ಬುದ್ಧಿಗೆ 'ಬಿಸಿಲಿದೆ, ಆದರೂ ಪ್ರವಾಹ ಬರಬಹುದು' ಅನ್ನೋದು ಒಳಗಿಳಿಯೋದೇ ಇಲ್ಲ. ಲೇಬರ್ ಡೇ ರಜೆ ಸೆಪ್ಟೆಂಬರ್ ಮೊದಲ ಸೋಮವಾರ ಬರೋದರಿಂದ ನಾವು ಗುಂಪುಗುಂಪಾಗಿ ಅಲ್ಲಿಗೆ ಹೋಗೋದೂ ಇದೇ ಕಾಲದಲ್ಲಿ.

2015ರ ಸೆಪ್ಟೆಂಬರ್ 14ರಂದು ಅದೇ ಉದ್ಯಾನದ ಕೀಹೋಲ್ ಕೊಳ್ಳದಲ್ಲಿ ಏಳು ಜನ ಪ್ರವಾಹಕ್ಕೆ ಸಿಕ್ಕಿ ಸತ್ತರು. ಹಗ್ಗ ಕಟ್ಟಿಕೊಂಡು ಕೊಳ್ಳಕ್ಕಿಳಿಯುವವರ ಲೆಕ್ಕದಲ್ಲಿ ಕೀಹೋಲ್ ಚಿಕ್ಕದು, ಹೊಸಬರೂ ಹೋಗುವಂಥದ್ದು. ಅವರು ನಿಯಮ ಮುರಿದವರಲ್ಲ. ಬೆಳಗ್ಗೆ ಪರ್ಮಿಟ್ ತೆಗೆದುಕೊಂಡಿದ್ದರು. ಇವತ್ತು ಪ್ರವಾಹದ ಸಾಧ್ಯತೆ ಇದೆ ಅಂತ ಅವರಿಗೆ ಹೇಳಲಾಗಿತ್ತು, ಹೋಗುವ ಬಿಡುವ ತೀರ್ಮಾನ ಅವರಿಗೇ ಬಿಟ್ಟಿತ್ತು. ದಮ್ಮು, ಸ್ನಾಯು, ಕೌಶಲ ಅಳೆಯುವ ಯಾವ ಮಾಪಕದಲ್ಲೂ ಆ ಕೊಳ್ಳ ಮೇಲಿನ ಸಾಲಲ್ಲಿ ಬರ್ತಿರಲಿಲ್ಲ.

ಹಾಗಂತ ಉದ್ಯಾನದವರು ಮಾಹಿತಿ ಮುಚ್ಚಿಟ್ಟಿದ್ದಾರೆ ಅಂತಲ್ಲ. ಹವಾಮಾನ ಇಲಾಖೆ ಈ ಕೊಳ್ಳಗಳಿಗೆ ಅಂತಲೇ ದಿನದಿನವೂ ಪ್ರವಾಹದ ಅಂದಾಜು ಕೊಡುತ್ತೆ. ಅದರಲ್ಲಿ ನಾಲ್ಕು ಹಂತ: ನಿರೀಕ್ಷೆ ಇಲ್ಲ, ಬರಬಹುದು, ಬರುವ ಸಂಭವ ಹೆಚ್ಚು, ಬಂದೇ ಬರುತ್ತೆ. ನದಿಯ ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದರೆ ನ್ಯಾರೋಸ್ ಮುಚ್ತಾರೆ. ಹಿಮ ಕರಗುವ ವಸಂತದಲ್ಲಿ ಹಾಗೆ ವಾರಗಟ್ಟಲೆ ಮುಚ್ಚಿರೋದೂ ಉಂಟು. ಪ್ರವಾಹದ ಎಚ್ಚರಿಕೆ ಹೊರಟರೂ ಮುಚ್ತಾರೆ, ಎಚ್ಚರಿಕೆ ಮುಗಿದು ಎರಡು ತಾಸಾದ ಮೇಲೇ ತೆಗೀತಾರೆ. ಎಲ್ಲ ಇದೆ. ಆದರೆ ಆ ನಾಲ್ಕು ಪದ ಬೆಳಗ್ಗೆ ಏಳು ಗಂಟೆಯ ಬೋರ್ಡಿನ ಮೇಲೆ, ಈ ಮೂರು ಪದ ತಿಂಗಳ ಹಿಂದಿನ ಸ್ಕ್ರೀನ್‌ಶಾಟ್‌ನಲ್ಲಿ. ನಾವು ಆರಿಸೋದು ಯಾವಾಗ? ತಿಂಗಳ ಹಿಂದೆ. ಎಕ್ಸೆಲ್ ಶೀಟ್‌ನಲ್ಲಿ 'ಶನಿವಾರ: ನ್ಯಾರೋಸ್' ಅಂತ ತುಂಬಿ, ಹನ್ನೆರಡು ಜನರಿಗೆ ಬೂಟು ಬುಕ್ ಮಾಡಿ, ದುಡ್ಡು ಹಂಚಿಕೊಂಡಾದ ಮೇಲೆ ಬೋರ್ಡು ಓದುವವರು ಯಾರು?

'ಸುಲಭ' ಅನ್ನೋದೂ ಇಷ್ಟೇ ಮೋಸದ ಪದ. ರಿವರ್‌ಸೈಡ್ ವಾಕ್: ಸುಮಾರು 3.5 ಕಿಲೋಮೀಟರ್, ಏರು ಇಲ್ಲವೆನ್ನುವಷ್ಟು ಕಡಿಮೆ, ಸುಲಭ. ಭಾರತದಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗೋಕೆ ಹೇಳಿ ಮಾಡಿಸಿದ್ದು. ಆದರೆ ಆ ದಾರಿ ಮುಗಿಯುವಲ್ಲೇ ನ್ಯಾರೋಸ್ ಶುರು. ನಡುವೆ ಗೇಟಿಲ್ಲ, ಟಿಕೆಟ್ ನೋಡುವವರಿಲ್ಲ. ನಾಲ್ಕು ಮೆಟ್ಟಿಲಿಳಿದರೆ ನೀರು. 'ಬಾರೋ, ಒಂಚೂರು ಕಾಲು ನೆನೆಸಿಕೊಂಡು ಬರೋಣ' ಅಂತ ಹೊರಟವರು ಪಟ್ಟಿಯ 'ಸುಲಭ' ಸಾಲಿನಿಂದ 'ಕಠಿಣ' ಸಾಲಿಗೆ ಚಪ್ಪಲಿ ಕಾಲಲ್ಲೇ ದಾಟಿರ್ತಾರೆ, ಗೊತ್ತೇ ಆಗದ ಹಾಗೆ. ನದಿಯ ತಳದ ಗುಂಡುಕಲ್ಲುಗಳು ಎಣ್ಣೆ ಹಚ್ಚಿದ ಹಾಗೆ ಜಾರ್ತವೆ. ಅರವತ್ತೈದರ ಸೊಂಟಕ್ಕೆ ಅದೊಂದೇ ಸಾಕು. ಇನ್ನು ಕ್ಯಾನ್ಯನ್ ಓವರ್‌ಲುಕ್ 'ಮಧ್ಯಮ'. ಅದಕ್ಕೆ ಹೆದರಿ ಹಿರಿಯರನ್ನು ಹೋಟೆಲಲ್ಲೇ ಬಿಟ್ಟು ಹೋಗುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಅನ್ಯಾಯ. 1930ರಲ್ಲಿ ತೆರೆದ ಸುರಂಗದ ಪೂರ್ವದ ಬಾಯಲ್ಲಿ ಶುರುವಾಗುವ ಆ ದಾರಿ ಹೋಗಿ ಬರಲು 1.6 ಕಿಲೋಮೀಟರ್, ಏರು 50 ಮೀಟರ್. ಅಲ್ಲಲ್ಲಿ ಅಂಚು ಕಡಿದಾಗಿದೆ. ತಲೆಸುತ್ತು ಇಲ್ಲದವರು, ಕೈ ಹಿಡಿಯೋಕೆ ಮಗ ಮಗಳು ಇರುವವರು ನಿಧಾನಕ್ಕೆ ಹೋಗಿ ಬರಬಹುದು. ಇಡೀ ಕೊಳ್ಳ ಕಾಲ ಕೆಳಗೆ ಕಾಣುತ್ತೆ. ಪಾರ್ಕಿಂಗ್ ಸಿಗೋದು ಮಾತ್ರ ಯೋಗ.

ಪಟ್ಟಿಗಿಂತ ಹೆಚ್ಚು ಕೆಡಿಸಿದ್ದು ನಕ್ಷತ್ರಗಳು ಮತ್ತು ರೀಲ್ಸ್. ಎಲ್ಲರಿಗೂ ಸರಪಳಿ ಹಿಡಿದ ಫೋಟೋ ಬೇಕು. ಲಾಟರಿ ಹೊಡೆಯದಿದ್ದರೆ ಟ್ರಿಪ್ಪೇ ದಂಡ ಅನ್ನೋ ಮುಖ. ಅಬ್ಸರ್ವೇಶನ್ ಪಾಯಿಂಟ್ ಏಂಜೆಲ್ಸ್ ಲ್ಯಾಂಡಿಂಗ್‌ಗಿಂತ 200 ಮೀಟರಿಗೂ ಹೆಚ್ಚು ಎತ್ತರ. ಅಲ್ಲಿಂದ ಏಂಜೆಲ್ಸ್ ಲ್ಯಾಂಡಿಂಗ್ ಕೆಳಗೆ, ಇರುವೆ ಸಾಲು ಹತ್ತಿದ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತೆ. 2019ರ ಬಂಡೆ ಕುಸಿತದಿಂದ ಕೆಳಗಿನ ದಾರಿ ಮುಚ್ಚಿದ ಮೇಲೆ ಹಿಂಬದಿಯ ಈಸ್ಟ್ ಮೆಸಾ ಕಡೆಯಿಂದ, ಹೆಚ್ಚೂ ಕಮ್ಮಿ ಸಮತಟ್ಟಾದ ಕಾಡುದಾರಿಯಲ್ಲಿ ಹೋಗಬಹುದು. ಹೋಗಿ ಬರಲು 11 ಕಿಲೋಮೀಟರ್. ಲಾಟರಿ ಇಲ್ಲ.

ಹಾಗಾದರೆ ಆರಿಸೋದು ಹೇಗೆ? ಬೆಟ್ಟವನ್ನು ಮನೆಯಲ್ಲಿ ಕೂತೇ ಆರಿಸಿ. ಜೊತೆಗೆ ಬರುವವರ ಮಂಡಿ, ವಯಸ್ಸು, ಎತ್ತರದ ಭಯ ಇವೆಲ್ಲ ತಿಂಗಳ ಹಿಂದೆಯೂ ಗೊತ್ತಿರುವ ವಿಷಯ. ಕೊಳ್ಳವನ್ನು ಮಾತ್ರ ಅವತ್ತಿನ ಬೆಳಗ್ಗೆಯೇ ಆರಿಸಬೇಕು. ಶೀಟ್‌ನಲ್ಲಿ ಆ ಸಾಲು ಖಾಲಿ ಬಿಟ್ಟು, ಪಕ್ಕದಲ್ಲಿ ಇನ್ನೊಂದು ಹೆಸರು ಬರೆದಿಟ್ಟಿರಿ. ನನ್ನನ್ನು ಕೇಳಿದರೆ ವಾಚ್‌ಮನ್ ಟ್ರೇಲ್: ಉದ್ಯಾನದ ಬಾಗಿಲ ಹತ್ತಿರದಿಂದಲೇ ಹೊರಡುತ್ತೆ, 5.3 ಕಿಲೋಮೀಟರ್, ಏರು 110 ಮೀಟರ್. ಯಾರೂ ರೀಲ್ ಮಾಡಲ್ಲ. ಬಿಸಿಲೇರುವ ಮೊದಲು ಹೋಗಿ. ಮೇಲಿನಿಂದ ಸ್ಪ್ರಿಂಗ್‌ಡೇಲ್ ಪೂರ್ತಿ ಕಾಣುತ್ತೆ, ಉತ್ತರಕ್ಕೆ ಮೋಡ ಕಟ್ಟುತ್ತಿದ್ದರೆ ಅದೂ.