ಲೇಬಲ್ಲಿನ ಸಣ್ಣಕ್ಷರ

ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟಿನಲ್ಲಿ 22 ಪೌಂಡಿಗೆ ಒಂದು ಬಾಟಲಿ ಸಿಂಗಲ್ ಮಾಲ್ಟ್ ಸ್ಕಾಚ್ ಸಿಗುತ್ತದೆ. ಅಗ್ಗವಾಯಿತೆಂದು ಬುಟ್ಟಿಗೆ ಹಾಕಿಕೊಳ್ಳುವ ಮುಂಚೆ ಒಂದು ಲೆಕ್ಕ ಮಾಡಿ ನೋಡಬೇಕು. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದರದಂತೆ ಅಲ್ಲಿ ಒಂದು ಲೀಟರ್ ಶುದ್ಧ ಆಲ್ಕೋಹಾಲಿಗೆ 32.79 ಪೌಂಡ್ ಸುಂಕವಿತ್ತು; ಆ ದರವನ್ನೇ ಹಿಡಿಯೋಣ. 700 ಮಿ.ಲೀ. ಹಿಡಿಸುವ, ಶೇ. 40ರ ಬಾಟಲಿಯಲ್ಲಿ ಶುದ್ಧ ಆಲ್ಕೋಹಾಲ್ 280 ಮಿ.ಲೀ.; ಅದರ ಸುಂಕ 9.18 ಪೌಂಡ್. ಮೇಲೆ ಶೇ. 20ರ ವ್ಯಾಟ್. ಎರಡೂ ಸೇರಿ 12.85 ಪೌಂಡ್ ಸರ್ಕಾರದ ಪಾಲು. ಬಾರ್ಲಿ, ಭಟ್ಟಿ, ಪೀಪಾಯಿ, ಉಗ್ರಾಣದಲ್ಲಿ ಕಳೆದ ವರ್ಷಗಳು, ಗಾಜು, ಸಾಗಣೆ, ಅಂಗಡಿಯವರ ಲಾಭ ಎಲ್ಲಕ್ಕೂ ಉಳಿಯುವುದು 9 ಪೌಂಡ್ ಚಿಲ್ಲರೆ. ಅದೇ 40 ಪೌಂಡಿನ, ಶೇ. 46ರ ಬಾಟಲಿ ಕೊಂಡರೆ ತೆರಿಗೆ ಕಳೆದು 22.77 ಪೌಂಡ್ ಉಳಿಯುತ್ತದೆ. ಬೆಲೆ ಎರಡು ಪಟ್ಟೂ ಆಗಲಿಲ್ಲ, ವಿಸ್ಕಿಗೆ ಸಲ್ಲುವ ದುಡ್ಡು ಎರಡೂವರೆ ಪಟ್ಟಾಯಿತು.

ಕಾಸಿಗೆ ತಕ್ಕ ಕಜ್ಜಾಯ ಅನ್ನುವ ಮಾತು ಈ ಕಪಾಟಿನ ಮುಂದೆ ಎರಡೂ ತುದಿಯಲ್ಲಿ ಸೋಲುತ್ತದೆ. ತೀರ ಅಗ್ಗದ್ದರಲ್ಲಿ ಕಾಸು ತೆರಿಗೆಗೆ ಹೋಗುತ್ತದೆ. ತೀರ ದುಬಾರಿಯದರಲ್ಲಿ ಮರದ ಪೆಟ್ಟಿಗೆಗೆ, ಹೆಸರಿಗೆ, ವಯಸ್ಸಿನ ಅಂಕಿಗೆ. ನಡುವಿನ 40–50 ಪೌಂಡಿನ ಸಾಲಿನಲ್ಲಿರುವಷ್ಟು ಒಳ್ಳೆಯ ವಿಸ್ಕಿ ಅದೇ ಹಣಕ್ಕೆ ಬೇರೆಲ್ಲೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಸಾಲಿನಲ್ಲೂ ಆರಿಸಲು ಗೊತ್ತಿರಬೇಕು.

ವಯಸ್ಸಿನಿಂದ ಶುರುಮಾಡೋಣ. ಲೇಬಲ್ಲಿನ ಮೇಲಿನ 12 ಅಂದರೆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಗೂ 12 ವರ್ಷ ತುಂಬಿದೆ ಎಂದರ್ಥ. ಅದು ಎಂಥ ಪೀಪಾಯಿಯಲ್ಲಿ ಕೂತಿತ್ತು ಎಂಬುದನ್ನು ಅಂಕಿ ಹೇಳುವುದಿಲ್ಲ. ಅಮೆರಿಕದ ಬರ್ಬನ್ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕೆಂಬ ಕಾನೂನಿದೆ. ಒಮ್ಮೆ ಬಳಸಿದ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ ಬರುತ್ತವೆ. ಮೊದಲ ಸಲ ಸ್ಕಾಚ್ ತುಂಬಿದಾಗ ಮರ ಕೈತುಂಬ ಕೊಡುತ್ತದೆ. ಮೂರನೆಯ, ನಾಲ್ಕನೆಯ ಸಲಕ್ಕೆ, ಮೂರು ಸಲ ನೀರು ಹುಯ್ದ ಕಾಫಿ ಚರಟದಂತೆ ಸಪ್ಪೆಯಾಗಿರುತ್ತದೆ. ದಣಿದ ಪೀಪಾಯಿಯಲ್ಲಿ 18 ವರ್ಷ ಕೂತದ್ದಕ್ಕಿಂತ ಒಳ್ಳೆಯದರಲ್ಲಿ 10 ವರ್ಷ ಮಾಗಿದ್ದು ಎಷ್ಟೋ ಮೇಲು. ವರ್ಷದ ಅಂಕಿಯೇ ಎಲ್ಲವೂ ಅಲ್ಲ ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿಯಿದೆ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನ ಉಗ್ರಾಣದಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾಗುವ ಕಡೆ ಬೆಂಗಳೂರಿನ ಸೆಕೆಯಲ್ಲಿ ಶೇ. 10ಕ್ಕೂ ಹೆಚ್ಚು ಹೋಗುತ್ತದೆ, ಮಾಗುವುದೂ ಅಷ್ಟೇ ಬೇಗ. ಅಂಥ ವಿಸ್ಕಿಯನ್ನು ವರ್ಷ ಎಣಿಸಿ ತೂಗಲು ಹೊರಟರೆ ತಕ್ಕಡಿಯೇ ತಪ್ಪು.

ಹಾಗಾದರೆ ಯಾವ ಅಂಕಿಯನ್ನು ನೋಡಬೇಕು? ಕೆಳಗೆ ಸಣ್ಣಕ್ಷರದಲ್ಲಿರುವ ಆಲ್ಕೋಹಾಲಿನ ಪ್ರಮಾಣವನ್ನು. ಕಾನೂನಿನ ಕನಿಷ್ಠ ಶೇ. 40. ಅಷ್ಟು ತೆಳುವಾದ ವಿಸ್ಕಿ ಚಳಿಗೆ, ಮಂಜುಗಡ್ಡೆಗೆ ಮಬ್ಬಾಗುತ್ತದೆ. ಕೊಳ್ಳುವವರು ಗಾಬರಿಯಾದಾರೆಂದು ಅದನ್ನು ತಣ್ಣಗೆ ಮಾಡಿ ಸೋಸುತ್ತಾರೆ. ಸೋಸುವಾಗ ಮಬ್ಬಿನ ಜೊತೆಗೆ ಎಣ್ಣೆಯಂಶವೂ ಹೋಗುತ್ತದೆ; ನಾಲಿಗೆಯ ಮೇಲೆ ಜಿಡ್ಡುಜಿಡ್ಡಾಗಿ ಹರಡಿ, ನುಂಗಿದ ಮೇಲೂ ರುಚಿಯನ್ನು ಉಳಿಸುವುದು ಆ ಅಂಶವೇ. ಶೇ. 46 ದಾಟಿದರೆ ಸಾಮಾನ್ಯವಾಗಿ ಮಬ್ಬಿನ ತೊಂದರೆಯಿಲ್ಲ, ಸೋಸುವ ಅಗತ್ಯವೂ ಇಲ್ಲ. ಮೇಲಿನ ದರದ ಸುಂಕದಲ್ಲಿ ಇದಕ್ಕೆ ತಗಲುವ ಹೆಚ್ಚುವರಿ ಬಾಟಲಿಗೆ 1.38 ಪೌಂಡ್ ಮಾತ್ರ. ಇಷ್ಟು ಕಡಿಮೆಗೆ ಇಷ್ಟು ರುಚಿ ಕೊಡುವ ಬದಲಾವಣೆ ವಿಸ್ಕಿಯ ಪ್ರಪಂಚದಲ್ಲಿ ಇನ್ನೊಂದಿಲ್ಲ. ನೀರು ಬೇಕಾದವರು ಲೋಟದಲ್ಲೇ ಬೆರೆಸಿಕೊಳ್ಳಬಹುದು. ಕಾರ್ಖಾನೆ ಬೆರೆಸಿದ ನೀರನ್ನು ಹಿಂದೆ ತೆಗೆಯಲಾಗದು.

ಬಣ್ಣವನ್ನಂತೂ ನಂಬಲೇಬಾರದು. ಕ್ಯಾರಮೆಲ್ ಬಣ್ಣ ಸೇರಿಸಲು 2009ರ ಸ್ಕಾಚ್ ನಿಯಮಗಳೇ ಅನುಮತಿ ಕೊಟ್ಟಿವೆ. ಆದರೆ ಜರ್ಮನಿಯಲ್ಲಿ ಮಾರುವ ಬಾಟಲಿಯ ಮೇಲೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಬಾಟಲಿಗಳು. ಡೂನ್ ಊರಿನ ಹತ್ತಿರ, ಟೀತ್ ನದಿಯ ದಡದಲ್ಲಿರುವ ಡೀನ್‌ಸ್ಟನ್ ಮೊದಲು ಹತ್ತಿ ಗಿರಣಿಯಾಗಿತ್ತು. 18ನೆಯ ಶತಮಾನದ ಆ ಕಟ್ಟಡ ಭಟ್ಟಿಯಾದದ್ದು 1960ರ ದಶಕದಲ್ಲಿ. ಅದರ 12 ವರ್ಷದ್ದು ಶೇ. 46.3, ಸೋಸಿಲ್ಲ, ಬಣ್ಣವಿಲ್ಲ. ಜೇನುಮೇಣ, ಹುರಿದ ಬಾರ್ಲಿ, ಕೊನೆಗೆ ಹಸಿಶುಂಠಿಯ ಸಣ್ಣ ಖಾರ. ಯಾರೂ ಹೊಗಳಿ ಮಾತಾಡದ ಈ ಬಾಟಲಿಯನ್ನು ನಾನು ಹೆಸರಾಂತ ಎಷ್ಟೋ ಮಾಲ್ಟ್‌ಗಳ ಮೇಲಿಡುತ್ತೇನೆ. ಬ್ರೀಕಿನ್ ಊರಿನ ಗ್ಲೆನ್‌ಕ್ಯಾಡಮ್ 10 ಇನ್ನೂ ಹಗುರ, ಸೇಬಿನ ಹೋಳಿನಂತೆ ಶುಭ್ರ. ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ.

ಐಲಾ ದ್ವೀಪದ ಬುನ್ನಹಾವನ್ 12ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಐಲಾ ಎಂದರೆ ಪೀಟ್ ಎಂಬ ಉರುವಲು ಮಣ್ಣಿನ ಹೊಗೆ ಎಂದೇ ಎಲ್ಲರ ಎಣಿಕೆ. ಈ ಭಟ್ಟಿಯ ಮುಖ್ಯ ವಿಸ್ಕಿಯಲ್ಲಿ ಹೊಗೆಯ ಸುಳಿವೇ ಇಲ್ಲವೆನ್ನಬಹುದು. 2010ರ ಸುಮಾರಿಗೆ ಅದನ್ನು ಶೇ. 40ರಿಂದ 46.3ಕ್ಕೆ ಏರಿಸಿ ಸೋಸುವುದನ್ನೂ ಬಣ್ಣವನ್ನೂ ಬಿಟ್ಟರು. ಶೆರಿ ಪೀಪಾಯಿಯ ಒಣದ್ರಾಕ್ಷಿ, ಜೋನಿಬೆಲ್ಲದ ಸಿಹಿ, ಅದರ ಬೆನ್ನಿಗೆ ಕಡಲಂಚಿನ ಉಪ್ಪು. ಅದೇ ಭಟ್ಟಿ, ಅದೇ ವಯಸ್ಸು. ಕಾಯ್ದುಕೊಂಡ ರುಚಿಯಷ್ಟೇ ಬೇರೆ. ಮೇಲಿನ ವಾದಕ್ಕೆಲ್ಲ ನಾನು ಕೊಡುವ ಪುರಾವೆ ಈ ಬಾಟಲಿ.

ಹೊಗೆ ಬೇಕಾದವರಿಗೆ ಆರ್ಡ್‌ಬೆಗ್ 10, ಶೇ. 46. ಮಲೆನಾಡಿನ ಅಡುಗೆಮನೆಯ ಅಟ್ಟ ಹತ್ತಿದವರಿಗೆ ಈ ಘಮ ಹೊಸದಲ್ಲ. ಜೊತೆಗೆ ನಿಂಬೆ, ಕಾಳುಮೆಣಸು. ಅದೇ ದ್ವೀಪದ ಲಫ್ರೋಯ್ಗ್ 10ರ ಟಿಂಚರ್ ವಾಸನೆಯನ್ನೂ ನಾನು ಪ್ರೀತಿಸುತ್ತೇನೆ. ಆದರೆ ಬ್ರಿಟನ್ನಿನಲ್ಲಿ ಅದು ಶೇ. 40ರಲ್ಲಿ ಬರುವುದರಿಂದ ಮೂಗಿಗೆ ಕೊಟ್ಟ ಮಾತನ್ನು ನಾಲಿಗೆಗೆ ನಡೆಸಿಕೊಡುವುದಿಲ್ಲ.

ಗ್ಲೆನ್‌ಫಾರ್ಕ್ಲಸ್ 105ರ ಬೆಲೆ ನೋಡಿ ಹಿಂದೆ ಸರಿಯುವವರಿದ್ದಾರೆ. ಅದು ಶೇ. 60ರ ವಿಸ್ಕಿ, ಶೇ. 40ಕ್ಕೆ ಇಳಿಸಿದರೆ 700 ಮಿ.ಲೀ. ಇದ್ದದ್ದು 1,050 ಆಗುತ್ತದೆ. ಒಂದು ಬಾಟಲಿಯ ಬೆಲೆಗೆ ಒಂದೂವರೆ ಬಾಟಲಿ. ಇನ್ನು ‘ಸಿಂಗಲ್’ ಎಂಬ ಪದ ಹೇಳುವುದು ಒಂದೇ ಭಟ್ಟಿಯದು ಎಂಬುದನ್ನಷ್ಟೇ; ಶ್ರೇಷ್ಠತೆಗೂ ಅದಕ್ಕೂ ಸಂಬಂಧವಿಲ್ಲ. ಹಲವು ಭಟ್ಟಿಗಳ ಮಾಲ್ಟ್ ಬೆರೆಸಿದ, 15 ವರ್ಷದ ಜಾನಿ ವಾಕರ್ ಗ್ರೀನ್ ಲೇಬಲ್ ಅದೇ ಬೆಲೆಯ ಅನೇಕ ಸಿಂಗಲ್ ಮಾಲ್ಟ್‌ಗಳನ್ನು ಹಿಂದಿಕ್ಕುತ್ತದೆ.

ಭಾರತಕ್ಕೆ ಬಂದರೆ ಲೆಕ್ಕವೇ ಬದಲು. 2025ರ ಜುಲೈ 24ರಂದು ಬ್ರಿಟನ್ನಿನೊಂದಿಗೆ ಒಪ್ಪಂದಕ್ಕೆ ಸಹಿ ಬಿದ್ದಾಗ ಸ್ಕಾಚ್ ಮೇಲಿನ ಆಮದು ಸುಂಕ ಶೇ. 150 ಇತ್ತು, ಅದನ್ನು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವುದೆಂದು ಒಪ್ಪಂದ. ರಾಜ್ಯದ ಅಬಕಾರಿ ಸುಂಕ ಬೇರೆ. ಹಾಗಾಗಿ ಊರಿಗೆ ಹೊರಟವರ ಕಣ್ಣು ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯ ಮೇಲೆ. ಒಬ್ಬರಿಗೆ ಎರಡು ಲೀಟರ್ ತರಲು ಅವಕಾಶವಿದೆ. ಅಲ್ಲಿ ಪ್ರಯಾಣಿಕರಿಗೆಂದೇ ಮಾಡಿಸಿದ, ವಯಸ್ಸು ಹೇಳದ, ಶೇ. 40ರ ಒಂದು ಲೀಟರಿನ ಬಾಟಲಿಗಳು ಎದುರಿಗೇ ಕೂತಿರುತ್ತವೆ, ಎರಡು ಕೊಂಡರೆ ಮಿತಿಗೆ ಸರಿಹೋಗುತ್ತದೆ. ನಾನು ತರುವುದು ಒಂದು ಬುನ್ನಹಾವನ್, ಒಂದು ಆರ್ಡ್‌ಬೆಗ್. ಉಳಿದ 600 ಮಿ.ಲೀ. ಲೆಕ್ಕಕ್ಕೆ ಬರದೇ ಹೋದರೆ ಹೋಗಲಿ.